ಇಟ್ಟ ದಿನದ ಲೆಕ್ಕ

ನನ್ನ ಸೊಸೆ ಬೇರೆಯವರ ಮಗುವನ್ನು ತನ್ನ ಹೊಟ್ಟೆಯಲ್ಲಿ ಹೊತ್ತು ಹೆತ್ತುಕೊಡುತ್ತೇನೆ ಎಂದು ಹೇಳಿದ ದಿನ ನಾನು ಕೇಳಿದ್ದು ಒಂದೇ ಮಾತು: "ಯಾರು ನಿನ್ನ ತಲೆ ಕೆಡಿಸಿದ್ದು?"

ಅನುಮಾನ ನನ್ನ ಹೊಟ್ಟೆಪಾಡು. ಕೋಳಿಮರಿ ಮಾಡುವ ಹ್ಯಾಚರಿಯಲ್ಲಿ ಒಂದು ಕತ್ತಲೆ ಕೋಣೆಯಿದೆ. ಅಲ್ಲಿ ನಿಂತು ಮೊಟ್ಟೆಗಳನ್ನು ದೀಪದ ಮೇಲೆ ಹಿಡಿದು, ಒಳಗೆ ಜೀವ ಕಟ್ಟಿದೆಯೋ ಇಲ್ಲವೋ ನೋಡಿ, ಜೊಳ್ಳನ್ನು ಆರಿಸಿ ತೆಗೆಯುವುದು ನನ್ನ ಕೆಲಸ. ಹೊರಗಿನಿಂದ ಎಲ್ಲ ಮೊಟ್ಟೆಯೂ ಬೆಳ್ಳಗೆ, ಸಾಧುವಾಗಿ ಕಾಣುತ್ತದೆ. ನಂಬಿ ಬಿಟ್ಟರೆ ಕಾವಿನ ಯಂತ್ರದೊಳಗೆ ಕೊಳೆತು ಸಿಡಿದು ಪಕ್ಕದ ಒಳ್ಳೆಯದನ್ನೂ ಕೆಡಿಸುತ್ತದೆ. ಜೊತೆಯ ಹೆಂಗಸರು ನನ್ನನ್ನು ಬ್ಯಾಟರಿಯಮ್ಮ ಎಂದು ಕರೆಯುತ್ತಾರೆ. ಎದುರಿಗಿದ್ದವರ ಮುಖಕ್ಕೂ ಬೆಳಕು ಬಿಟ್ಟು ನೋಡುತ್ತೀಯ ಎಂದು ಗೇಲಿ ಮಾಡುತ್ತಾರೆ. ನೋಡುತ್ತೇನೆ, ಅದರಲ್ಲಿ ಮುಚ್ಚುಮರೆ ಏನೂ ಇಲ್ಲ.

ಸೊಸೆಗೆ ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ. ಡಾಕ್ಟರಮ್ಮ ಹಲ್ಲು ಕೊರೆಯುವಾಗ ಪಕ್ಕದಲ್ಲಿ ನಿಂತು ಸಾಮಾನು ಕೊಡುವುದು, ಉಗುಳು ಹೀರುವ ಕೊಳವೆ ಹಿಡಿಯುವುದು, ಹೆದರಿದವರ ಭುಜ ತಟ್ಟುವುದು. ಆ ಡಾಕ್ಟರಮ್ಮನಿಗೆ ಗಡ್ಡೆಯಾಗಿ ಗರ್ಭಕೋಶವನ್ನೇ ತೆಗೆದುಹಾಕಿದ್ದರಂತೆ. ಗಂಡ ಹೆಂಡತಿ ಇಬ್ಬರದೂ ಸೇರಿಸಿ ಹೊರಗಡೆ ಭ್ರೂಣ ಮಾಡಿಡಬಹುದು, ಆದರೆ ಅದು ಬೆಳೆಯುವುದಕ್ಕೆ ಜಾಗವಿಲ್ಲ.

"ಜಾಗ ನಾನು ಕೊಡ್ತೀನಿ ಅಂದೆ ಅತ್ತೆ," ಎಂದಳು ಸೊಸೆ, ಮಹಡಿ ಮೇಲಿನ ಕೋಣೆ ಬಿಟ್ಟುಕೊಡುವವಳ ಹಾಗೆ.

"ಅವರು ಕೇಳಿದ್ರಾ, ನೀನೇ ಹೇಳಿದ್ಯಾ?"

"ನಾನೇ ಹೇಳಿದೆ. ಕೇಳೋಕೆ ಅವರಿಗೆ ಬಾಯೇ ಬರ್ತಿರಲಿಲ್ಲ."

"ಬಾಯಿ ಬರದೋರು ಬೇರೆಯವರ ಬಾಯಲ್ಲಿ ಹೇಳಿಸ್ತಾರೆ ಕಣೆ. ದಿನಾ ಎದುರಿಗೆ ಕೂತು ಕಣ್ಣೀರು ಹಾಕಿದ್ರೆ ಸಾಕು."

"ಅವರು ಮಾಸ್ಕ್ ಹಾಕ್ಕೊಂಡಿರ್ತಾರೆ, ಕಣ್ಣೀರು ಕಾಣಲ್ಲ," ಎಂದು ಸೊಸೆ ನಕ್ಕಳು. ನನಗೆ ನಗು ಬರಲಿಲ್ಲ.

ನನಗೆ ಉರಿದದ್ದು ಬೇರೆ ಕಾರಣಕ್ಕೆ. ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಒಬ್ಬಳೇ ಮೊಮ್ಮಗಳು. ಅವಳು ನಡೆಯಲು ಕಲಿತಾಗಿನಿಂದ ಇನ್ನೊಂದು ಮಗು ಬೇಕು ಎಂದು ನಾನು ಗೋಗರೆಯುತ್ತಲೇ ಇದ್ದೆ. ಮಗ, ಸೊಸೆ ಇಬ್ಬರೂ ಒಂದೇ ರಾಗ: ಒಂದು ಸಾಕು. ನಾನು ಕೇಳಿದಾಗ ಸೊಂಟ ನೋವು, ಕೆಲಸ, ಮನೆ ಚಿಕ್ಕದು. ಯಾರೋ ಕಂಡವರಿಗಾದರೆ ಸೊಂಟವೂ ಇದೆ, ಮನೆಯೂ ಸಾಕು. ಹೊಟ್ಟೆ ಉರಿಯದೆ ಇರುತ್ತದೆಯೇ?

ಮಗನಿಗೆ ಫೋನ್ ಮಾಡಿದೆ. ಅವನು ಲಾರಿ ಓಡಿಸುತ್ತಾನೆ, ಮನೆಗೆ ಬರುವುದು ವಾರಗಟ್ಟಲೆ ಬಿಟ್ಟು. "ಅವಳಿಷ್ಟ ಅಮ್ಮ," ಎಂದ. ಆ ದನಿಯಲ್ಲಿ ಒಪ್ಪಿಗೆ ಇತ್ತೋ ಸೋಲು ಇತ್ತೋ, ಲಾರಿಯ ಸದ್ದಿನಲ್ಲಿ ಗೊತ್ತಾಗಲಿಲ್ಲ.

ಆಮೇಲೆ ತಪಾಸಣೆಗಳು ಶುರುವಾದವು. ಹೆಣ್ಣು ನೋಡುವುದಕ್ಕೆ ಬಂದವರೂ ಇಷ್ಟು ನೋಡುವುದಿಲ್ಲ. ಸೊಸೆಯ ರಕ್ತ, ಮಗನ ರಕ್ತ, ಗರ್ಭಕೋಶದ ಸ್ಕ್ಯಾನು, ಹಿಂದಿನ ಹೆರಿಗೆಯ ಕಾಗದ. ಎಲ್ಲ ಸರಿಯಿದೆ ಎಂದಮೇಲೆ ಮನಸ್ಸಿನ ಡಾಕ್ಟರ ಬಳಿ ಕಳಿಸಿದರು. ಮನೆಯವರೂ ಬರಬೇಕು ಎಂದು ನನ್ನನ್ನೂ ಕರೆದರು. ಮೆತ್ತನೆಯ ಕುರ್ಚಿ, ಮುಂದೆ ಕಣ್ಣೊರೆಸುವ ಕಾಗದದ ಪೆಟ್ಟಿಗೆ. ಅಳಿಸಲೇಬೇಕು ಎಂದು ತೀರ್ಮಾನ ಮಾಡಿ ಇಟ್ಟ ಹಾಗಿತ್ತು.

"ಒಂಬತ್ತು ತಿಂಗಳು ನಿಮ್ಮನೇಲಿ ಬೆಳೆದ ಮಗು ಬೇರೆಯವರ ಮನೆಗೆ ಹೋಗುತ್ತೆ. ನಿಮಗೆ ಏನನ್ನಿಸಬಹುದು ಅಮ್ಮಾ?" ಎಂದು ಆ ಡಾಕ್ಟರು ನನ್ನನ್ನು ಕೇಳಿದರು.

"ನಮ್ಮ ಹ್ಯಾಚರೀಲಿ ದಿನಾ ಸಾವಿರಾರು ಮರಿ ಪೆಟ್ಟಿಗೇಲಿ ಹೋಗ್ತವೆ. ಒಂದಕ್ಕೂ ನಾನು ಅತ್ತಿಲ್ಲ," ಎಂದೆ.

ಅವರು ಅದನ್ನು ಬರೆದುಕೊಂಡರು. ಸೊಸೆ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

ವಕೀಲರು ಒಪ್ಪಂದವನ್ನು ಗಟ್ಟಿಯಾಗಿ ಓದಿ ಹೇಳಿದರು. ಮಗು ಹೇಗೇ ಹುಟ್ಟಲಿ ಅದು ಡಾಕ್ಟರಮ್ಮ ಮತ್ತು ಅವರ ಯಜಮಾನರದು, ಬೇಡ ಅನ್ನುವ ಹಾಗಿಲ್ಲ. ಸೊಸೆ ಕೂಡ ಕೊಡುವುದಿಲ್ಲ ಅನ್ನುವ ಹಾಗಿಲ್ಲ. ಅವಳ ಜೀವಕ್ಕೆ ಅಪಾಯ ಬಂದರೆ ಮೊದಲು ಅವಳ ಜೀವ. ಈ ಕೊನೆಯದನ್ನು ನಾನು ಇನ್ನೊಂದು ಸಲ ಓದಿಸಿದೆ. ವಕೀಲರು ಮುಖ ಸಿಂಡರಿಸಿದರೂ ಓದಿದರು. ಮಗ ರಜೆ ಹಾಕಿ ಬಂದು ಸಹಿ ಮಾಡಿ, ನೀರು ಕೂಡ ಕುಡಿಯದೆ ಹೊರಟುಹೋದ.

ಕೊನೆಗೆ ಸಿಸ್ಟರ್ ಒಬ್ಬರು ನಮ್ಮನ್ನು ಕೂರಿಸಿಕೊಂಡು ಒಂದು ಮಾತು ಹೇಳಿದರು. ಭ್ರೂಣ ಇಟ್ಟು ಅದು ನಿಲ್ಲುವವರೆಗೆ ಗಂಡ ಹೆಂಡತಿ ದೂರ ಇರಬೇಕು. ಇಲ್ಲದಿದ್ದರೆ ತಮ್ಮದೇ ನಿಂತುಬಿಟ್ಟು ಯಾರ ಮಗು ಯಾರದು ಎಂದು ಗೊತ್ತಾಗದೆ ಹೋದೀತು.

"ಅದು ನನಗೆ ಬಿಡಿ," ಎಂದೆ. ಸೊಸೆ ನಾಚಿ ಕಿಟಕಿಯ ಕಡೆ ನೋಡಿದಳು.

ನನ್ನ ಮಂಚವನ್ನು ಅವಳ ಕೋಣೆಯ ಬಾಗಿಲಿಗೆ ಅಡ್ಡ ಹಾಕಿಕೊಂಡೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಕಾಯುವುದಕ್ಕೆ ಮಗ ಊರಲ್ಲೇ ಇರಲಿಲ್ಲ ಎನ್ನುವುದು ಬೇರೆ ಮಾತು. ಆದರೆ ಅವನು ಒಂದು ಸಲ ಬಂದ, ಹೇಳದೆ ಕೇಳದೆ. ಅದೂ ಹ್ಯಾಚರಿಯಲ್ಲಿ ಮರಿಗಳು ಹೊರಬರುವ ದಿನ, ಯಾರಿಗೂ ರಜೆ ಸಿಗದ ದಿನ. ನಾನು ರಾತ್ರಿ ಪಾಳಿಗೆ ಹೋಗಲೇಬೇಕಿತ್ತು. ಬೆಳಿಗ್ಗೆ ಬಂದು ನೋಡಿದರೆ ಮಗ ಅಡುಗೆಮನೆಯಲ್ಲಿ ನಿಂತು ಚಹಾ ಕುಡಿಯುತ್ತಿದ್ದಾನೆ. ನನ್ನನ್ನು ಕಂಡು ಲೋಟದೊಳಗೆ ಮುಖ ತೂರಿಸಿದ. ಸೊಸೆಯ ಕಣ್ಣು ಊದಿಕೊಂಡಿತ್ತು, ತಲೆ ಬಾಚಿರಲಿಲ್ಲ.

"ರಾತ್ರಿ ಎಲ್ಲಿ ಮಲಗಿದ್ಯೋ?"

"ಲಾರೀಲಿ," ಎಂದ. ಕೇಳುವುದನ್ನೇ ಕಾಯುತ್ತಿದ್ದವನ ಹಾಗೆ, ಬೇಗ.

ಅವನು ಹೋದಮೇಲೆ ಮೊಮ್ಮಗಳು ನನ್ನ ಮಡಿಲಲ್ಲಿ ಕೂತು ಜಡೆ ಹಾಕಿಸಿಕೊಳ್ಳುತ್ತಾ, "ಅಜ್ಜಿ, ಅಪ್ಪ ಅಮ್ಮನ್ನ ಗಟ್ಟಿಯಾಗಿ ತಬ್ಕೊಂಡಿದ್ರು," ಎಂದಳು. ನನ್ನ ಕೈಯಲ್ಲಿದ್ದ ಬಾಚಣಿಗೆ ಅಲ್ಲೇ ನಿಂತಿತು. ಆದರೆ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಆಗಿನ್ನೂ ಅದು ಬರೀ ಅನುಮಾನ.

ಸೊಸೆ ಮಾತ್ರೆಗಳನ್ನು ತಾನೇ ನುಂಗುತ್ತಿದ್ದಳು, ಗರ್ಭಕೋಶದ ಒಳಪದರ ದಪ್ಪವಾಗುವುದಕ್ಕಂತೆ. ಸೂಜಿ ಮಾತ್ರ ನನ್ನ ಪಾಲಿಗೆ ಬಂತು. ಎಣ್ಣೆಯಲ್ಲಿ ಕರಗಿಸಿದ ಔಷಧಿ. ಸೀಸೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ, ದಪ್ಪ ಸೂಜಿಯಲ್ಲಿ ಎಳೆದು, ಸೊಂಟದ ಕೆಳಗೆ ಹೊರಬದಿಗೆ ಚುಚ್ಚಿ ನಿಧಾನವಾಗಿ ಬಿಡಬೇಕು. ಸಿಸ್ಟರ್ ತೋರಿಸಿಕೊಟ್ಟರು. ಮೊದಲ ದಿನ ನಾನು ಸೂಜಿ ಹಿಡಿದು ಹಿಂದೆ ಮುಂದೆ ನೋಡುತ್ತಿದ್ದಾಗ, ಸೊಸೆಯೇ ಮಂಚದ ಮೇಲೆ ಬೋರಲು ಮಲಗಿ, "ಅತ್ತೆ, ಇಷ್ಟು ವರ್ಷದ ಸಿಟ್ಟೆಲ್ಲ ತೀರಿಸ್ಕೊಳ್ಳಿ, ಚುಚ್ಚಿ," ಎಂದಳು. ಚುಚ್ಚಿದ ಜಾಗ ಗಂಟು ಕಟ್ಟುತ್ತಿತ್ತು. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಒತ್ತುತ್ತಿದ್ದೆ. ಸೊಸೆಯ ಮೈಯನ್ನು ನಾನು ಹಾಗೆ ಮುಟ್ಟಿದ್ದು ಅದೇ ಮೊದಲು.

ಭ್ರೂಣ ಇಡುವ ದಿನ ಮೂತ್ರಕೋಶ ತುಂಬಿರಬೇಕು ಎಂದು ಅವಳಿಗೆ ನೀರಿನ ಮೇಲೆ ನೀರು ಕುಡಿಸಿದರು. "ಮಗು ನಿಲ್ಲುತ್ತೋ ಇಲ್ವೋ, ಈ ನೀರಂತೂ ನಿಲ್ಲಲ್ಲ," ಎಂದು ಅವಳು ಒಂದು ಕಾಲಿನ ಮೇಲೆ ಕುಣಿದಳು. ಡಾಕ್ಟರಮ್ಮ ಅವಳ ಜೊತೆ ಒಳಗೆ ಹೋದರು, ನಾನು ಹೊರಗೆ. ಅರ್ಧ ಗಂಟೆಯೂ ಆಗಲಿಲ್ಲ, ಮುಗಿದುಹೋಯಿತು. ಸಣ್ಣ ಕೊಳವೆಯಲ್ಲಿ ಒಳಗೆ ಬಿಟ್ಟರಂತೆ. ಡಾಕ್ಟರಮ್ಮ ತಂದು ತೋರಿಸಿದ ಸ್ಕ್ಯಾನ್ ಚಿತ್ರದಲ್ಲಿ ಬೂದಿ ಬಣ್ಣದ ನಡುವೆ ಒಂದು ಬಿಳಿ ಚುಕ್ಕೆ ಇತ್ತು. ಅವರ ಕೈ ನಡುಗುತ್ತಿತ್ತು. ಹಲ್ಲು ಕೀಳುವ ಕೈ ಇಷ್ಟು ನಡುಗಿದರೆ ಹೇಗೆ ಎಂದುಕೊಂಡೆ. ನಮ್ಮಲ್ಲಿ ಮೊಟ್ಟೆಯನ್ನು ಯಂತ್ರದೊಳಗೆ ಇಟ್ಟ ದಿನವೇ ಲೆಕ್ಕದ ಮೊದಲ ದಿನ. ಆ ದಿನವನ್ನು ನಾನು ಹಾಗೆಯೇ ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ರಕ್ತದ ಪರೀಕ್ಷೆಯಲ್ಲಿ ನಿಂತಿದೆ ಎಂದು ಬಂತು. ಮತ್ತೂ ಕೆಲವು ದಿನ ಬಿಟ್ಟು ಸ್ಕ್ಯಾನಿಗೆ ಕರೆದರು. ಈ ಸಲ ನನ್ನನ್ನೂ ಒಳಗೆ ಬಿಟ್ಟರು. ಕತ್ತಲೆ ಕೋಣೆ, ಹೊಳೆಯುವ ಪರದೆ, ನನಗೆ ನಮ್ಮ ಹ್ಯಾಚರಿಗೇ ಬಂದ ಹಾಗಾಯಿತು. ಪರದೆಯ ಮೇಲೆ ಏನೋ ಪಟಪಟ ಎನ್ನುತ್ತಿತ್ತು. "ಹೃದಯ," ಎಂದರು ಸ್ಕ್ಯಾನಿನ ಡಾಕ್ಟರು. "ಏಳು ವಾರ ಆಗಿದೆ. ಬೆಳವಣಿಗೆ ಚೆನ್ನಾಗಿದೆ."

ಡಾಕ್ಟರಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಬಿಕ್ಕಿದರು. ಅವರ ಯಜಮಾನರು ಗೋಡೆಗೆ ಒರಗಿದರು. ನಾನು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಹೆಬ್ಬೆರಳಿನಿಂದ ಬೆರಳ ಗೆಣ್ಣು ಎಣಿಸಿದೆ. ಇಟ್ಟ ದಿನದಿಂದ ಇವತ್ತಿಗೆ ನಾಲ್ಕು ವಾರ. ಹೇಗೆ ಎಳೆದರೂ ಏಳಾಗುವುದಿಲ್ಲ. ಇನ್ನೊಂದು ಸಲ ಎಣಿಸಿದೆ. ಉಳಿದ ಮೂರು ವಾರ ಎಲ್ಲಿಂದ ಬಂತು?

ಇಡುವುದಕ್ಕೆ ಮೂರು ವಾರ ಮುಂಚೆ ನನ್ನ ಮಗ ಮನೆಗೆ ಬಂದು ಹೋಗಿದ್ದ.

ಪಕ್ಕದಲ್ಲಿದ್ದ ಕುರ್ಚಿ ಹಿಡಿದುಕೊಂಡೆ. "ಅಮ್ಮಾ, ನಿಮಗೂ ಸಂತೋಷಕ್ಕೆ ಕೈಕಾಲು ಆಡ್ತಿಲ್ಲ ಅಲ್ವಾ?" ಎಂದು ಡಾಕ್ಟರಮ್ಮ ನನ್ನ ಕೈ ಹಿಡಿದರು. ಅಲ್ಲೇ ಕೇಳಿಬಿಡಬಹುದಿತ್ತು. ಕೇಳಿದರೆ ಅಷ್ಟು ಜನರ ಮುಂದೆ ಸೊಸೆ ಮೋಸಗಾತಿ ಆಗುತ್ತಾಳೆ, ಮಗ ಸಹಿ ಮಾಡಿ ಸುಳ್ಳಾಡಿದವನಾಗುತ್ತಾನೆ. ಬಾಯಿಗೆ ಬೀಗ ಹಾಕಿಕೊಂಡು ಹೊರಗೆ ಬಂದೆ.

ಆ ದಿನದಿಂದ ಸೊಸೆಯ ಮೇಲೆ ನನ್ನ ಕಣ್ಣು ನೆಟ್ಟಿತು. ಅವಳಿಗೆ ಗೊತ್ತಿದೆಯೋ, ಗೊತ್ತಿಲ್ಲವೋ? ಗೊತ್ತಿದ್ದರೆ ಹೆತ್ತ ಮಗುವನ್ನು ಅಷ್ಟು ತಣ್ಣಗೆ ಕೊಟ್ಟುಬಿಡುವ ಕಲ್ಲುಮನಸ್ಸು ಅವಳದೇ? ಗೊತ್ತಿಲ್ಲದಿದ್ದರೆ, ನಮ್ಮ ಕುಡಿ ನಮ್ಮ ಕಣ್ಣೆದುರೇ ಕೈಬಿಟ್ಟು ಹೋಗುವುದನ್ನು ನಾನೊಬ್ಬಳೇ ನೋಡುತ್ತಾ ಕೂರಬೇಕೇ? ಒಂದು ದಿನ ಹಣ್ಣು ಹೆಚ್ಚಿಕೊಡುತ್ತಾ ಕೆದಕಿದೆ.

"ಮಗು ಯಾರ ಹಾಗಿರುತ್ತೋ?"

"ಮೇಡಂ ಹಾಗಿದ್ರೆ ಮೂಗು ಚೆನ್ನಾಗಿರುತ್ತೆ. ಸಾರ್ ಹಾಗಿದ್ರೆ ಪಾಪ, ಕಿವಿ ದೊಡ್ಡದು," ಎಂದು ಹಣ್ಣು ತಿಂದಳು. ರೆಪ್ಪೆ ಕೂಡ ಅಲುಗಲಿಲ್ಲ. ಅಷ್ಟು ಚೆನ್ನಾಗಿ ನಟಿಸುವವಳು ಎಂದು ನನಗೆ ಗೊತ್ತಿರಲಿಲ್ಲ.

ಮಗನಿಗೆ ಫೋನಿನಲ್ಲಿ, "ಆವತ್ತು ಬಂದಿದ್ಯಲ್ಲ, ಏನು ನಡೀತು?" ಎಂದು ಕೇಳಿದೆ.

"ಅದೆಲ್ಲ ಈಗ ಯಾಕಮ್ಮ? ಆಗಿದ್ದು ಆಯ್ತು," ಎಂದು ಫೋನ್ ಇಟ್ಟ.

ಆಗಿದ್ದು ಆಯ್ತು! ಇನ್ನೇನು ಬೇಕು? ನನ್ನ ಪಾಲಿಗೆ ಅದು ಒಪ್ಪಿಕೊಂಡ ಹಾಗೇ.

ಡಾಕ್ಟರಮ್ಮ ವಾರ ವಾರ ಬರುತ್ತಿದ್ದರು. ಬಾಗಿಲು ದಾಟಿದೊಡನೆ ಅವರ ಕಣ್ಣು ನೇರ ಸೊಸೆಯ ಹೊಟ್ಟೆಗೆ. ತಮ್ಮ ದನಿ ಮಗುವಿಗೆ ಅಭ್ಯಾಸವಾಗಲಿ ಎಂದು ಕಥೆ ಓದಿ ಫೋನಿನಲ್ಲಿ ತುಂಬಿಸಿಕೊಂಡು ಬಂದು, ಅದನ್ನು ಹೊಟ್ಟೆಯ ಹತ್ತಿರ ಹಿಡಿಯುತ್ತಿದ್ದರು. ಸೊಸೆಯ ವಸಡಿನಲ್ಲಿ ರಕ್ತ ಬರುತ್ತದೆ ಎಂದು ಔಷಧಿಯನ್ನೂ ತಂದುಕೊಟ್ಟರು. ಅವರೆದುರು ನಾನು ನಗುತ್ತಿರಲಿಲ್ಲ; ನನ್ನ ಹಲ್ಲು ಎಣಿಸಿ ವಯಸ್ಸು ಹೇಳಿಬಿಟ್ಟಾರು. ನನಗೆ ಕಾಣುತ್ತಿದ್ದದ್ದು ಒಂದೇ: ಈ ಹೆಂಗಸು ಹೊಟ್ಟೆಯನ್ನು ಮಾತಾಡಿಸುತ್ತಾಳೆ, ಹೊತ್ತವಳನ್ನಲ್ಲ.

ಅವರು ಹೋದಮೇಲೆ ನಾನೂ ಮಾತಾಡಿಸುತ್ತಿದ್ದೆ. ಸೊಸೆ ಮಧ್ಯಾಹ್ನ ಮಲಗಿದಾಗ ಮಂಚದ ಪಕ್ಕ ಕೂತು, ಹೊಟ್ಟೆಗೆ ಬಾಯಿ ಹತ್ತಿರ ತಂದು, "ಆ ಕಥೆಗೆಲ್ಲ ಕಿವಿ ಕೊಡಬೇಡ, ನಿಮ್ಮಜ್ಜಿ ಇಲ್ಲಿದ್ದೀನಿ," ಎಂದು ಪಿಸುಗುಟ್ಟುತ್ತಿದ್ದೆ. ಒದೆಯುತ್ತಿತ್ತು. ನನ್ನ ಮಗ ಹೊಟ್ಟೆಯಲ್ಲಿದ್ದಾಗ ಹೀಗೇ ಎಡಕ್ಕೇ ಒದೆಯುತ್ತಿದ್ದ. ಅದೂ ನನಗೆ ಸಾಕ್ಷಿಯಾಯಿತು. ಮೊಮ್ಮಗಳು ಸಣ್ಣವಳಾಗಿದ್ದಾಗಿನ ಬಟ್ಟೆಗಳನ್ನು ಅಟ್ಟದಿಂದ ಇಳಿಸಿ, ಒಗೆದು, ಯಾರಿಗೂ ಕಾಣದ ಹಾಗೆ ನನ್ನ ಟ್ರಂಕಿನಲ್ಲಿಟ್ಟೆ. ಹ್ಯಾಚರಿಯಲ್ಲಿ ಒಂದಕ್ಕೂ ಅಳದ ನಾನು ಒಂದು ದಿನ ಮರಿಗಳ ಪೆಟ್ಟಿಗೆ ಲಾರಿಗೆ ಏರುವುದನ್ನು ನೋಡಲಾರದೆ ಮುಖ ತಿರುಗಿಸಿದೆ. ಜೊತೆಯವಳು ಬ್ಯಾಟರಿಯಮ್ಮನ ಬಲ್ಬು ಮಂಕಾಗಿದೆ ಎಂದಳು. ಅವಳಿಗೆ ಸರಿಯಾಗಿ ಬೈದೆ.

ಹೇಳಲೋ ಬೇಡವೋ ಎಂದು ತಿಂಗಳುಗಟ್ಟಲೆ ಒದ್ದಾಡಿದೆ. ಹೇಳಿದರೆ ಸಂಸಾರದ ಮಾನ ಹೋಗುತ್ತದೆ. ಹೇಳದಿದ್ದರೆ ಮೊಮ್ಮಗು ಹೋಗುತ್ತದೆ. ಸೊಸೆಗೆ ನೋವು ಕಾಣಿಸಿಕೊಂಡು ಆಸ್ಪತ್ರೆಗೆ ಸೇರಿಸಿದ ಬೆಳಿಗ್ಗೆ ನನ್ನ ಟ್ರಂಕಿನ ಬಟ್ಟೆಗಳನ್ನು ಚೀಲಕ್ಕೆ ತುಂಬಿಕೊಂಡೇ ಹೊರಟೆ. ಆಗಲೇ ಮನಸ್ಸು ಮಾಡಿ ಆಗಿತ್ತು.

ನೋವು ಇನ್ನೂ ಬಿಟ್ಟು ಬಿಟ್ಟು ಬರುತ್ತಿತ್ತು. ಸೊಸೆ ಮಂಚದ ಕಂಬಿ ಹಿಡಿದು ಅತ್ತ ಇತ್ತ ನಡೆಯುತ್ತಿದ್ದಳು. ಡಾಕ್ಟರಮ್ಮ ಯಾವುದೋ ಕಾಗದಕ್ಕೆ ಸಹಿ ಹಾಕಲು ಕೆಳಗೆ ಹೋದರು. ನಾನು ಎದ್ದು ಬಾಗಿಲ ಚಿಲಕ ಹಾಕಿದೆ.

"ಬಾಗಿಲು ಯಾಕೆ ಹಾಕಿದ್ರಿ ಅತ್ತೆ?"

"ಇನ್ನೂ ಹೊತ್ತು ಮೀರಿಲ್ಲ. ಮಗು ನಮ್ಮದು ಅಂತ ಈಗಲೇ ಹೇಳಿಬಿಡೋಣ. ತಪ್ಪೆಲ್ಲ ನನ್ನ ಮೇಲೆ ಹಾಕು. ಮುದುಕಿ ಸರಿಯಾಗಿ ಕಾವಲು ಕಾಯ್ಲಿಲ್ಲ ಅನ್ನು. ಆ ಡಾಕ್ಟರಮ್ಮನ ಕಾಲು ನಾನೇ ಹಿಡೀತೀನಿ. ಬೇಕಾದ್ರೆ ಜೈಲಿಗೂ ನಾನೇ ಹೋಗ್ತೀನಿ. ಆದ್ರೆ ನಮ್ಮ ಮಗೂನ ಕೊಡಬೇಡ ಕಣೆ."

ಸೊಸೆ ನನ್ನ ಮುಖವನ್ನೇ ನೋಡಿದಳು. "ನಮ್ಮ ಮಗುನಾ?"

"ನನ್ನ ಹತ್ರ ಮುಚ್ಚಿಡಬೇಡ. ಸ್ಕ್ಯಾನಿನಲ್ಲಿ ಏಳು ವಾರ ಅಂದ್ರು. ಇಟ್ಟು ಆಗಿದ್ದು ನಾಲ್ಕೇ ವಾರ. ಇಡೋಕೆ ಮೂರು ವಾರ ಮುಂಚೆ ಅವನು ಮನೆಗೆ ಬಂದಿದ್ದ. ಲೆಕ್ಕ ನನಗೂ ಬರುತ್ತೆ. ಇಡೀ ಆಯುಸ್ಸು ಅದನ್ನೇ ಮಾಡಿದ್ದೀನಿ."

ಅವಳು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ನಗುವಿನ ನಡುವೆಯೇ ನೋವು ಬಂದು ಕಂಬಿಗೆ ಜೋತುಬಿದ್ದಳು. ನೋವು ಇಳಿದಮೇಲೆ ಮಂಚದ ಅಂಚಿಗೆ ಕೂತು ಏದುಸಿರು ಬಿಡುತ್ತಾ ಹೇಳಿದಳು.

"ಅತ್ತೆ, ಡಾಕ್ಟರು ನಿಮ್ಮ ಹಾಗೆ ಇಟ್ಟ ದಿನದಿಂದ ಎಣಿಸಲ್ಲ. ಅದಕ್ಕೆ ಮುಂಚೆ ಮುಟ್ಟಾಗಿರ್ತೀವಲ್ಲ, ಆ ದಿನದಿಂದ ಎಣಿಸ್ತಾರೆ. ಎಲ್ಲ ಬಸುರಿಯರಿಗೂ ಹಾಗೇ."

"ಹೊಟ್ಟೇಲಿ ಏನೂ ಇಲ್ಲದ ದಿನಾನೂ ಸೇರಿಸ್ತಾರಾ?"

"ಸೇರಿಸ್ತಾರೆ."

"ಇದ್ಯಾವ ಸೀಮೆ ಲೆಕ್ಕ?"

"ಅವರದ್ದು ಹಾಗೇ ಅತ್ತೆ. ಇನ್ನೊಂದು ಕೇಳಿ. ನಿಮ್ಮ ಮಗ ಬಂದ ದಿನವೇ ನಾನು ಮುಟ್ಟಾಗಿದ್ದು. ಮಾತ್ರೆ ಶುರು ಮಾಡಿದ್ದೂ ಆವತ್ತಿಂದಲೇ."

"ಮತ್ತೆ ನಿನ್ನ ಕಣ್ಣು ಊದಿತ್ತಲ್ಲ? ಅವನು ತಬ್ಕೊಂಡಿದ್ದನ್ನ ನಿನ್ನ ಮಗಳು ನೋಡಿದ್ದಾಳೆ."

"ಅವರು ಮಾತ್ರೆ ನೋಡಿ ಹೆದರಿಬಿಟ್ರು ಅತ್ತೆ. ಬೇಡ, ನಿನಗೆ ಏನಾದ್ರೂ ಆದ್ರೆ ನಾನೇನು ಮಾಡ್ಲಿ ಅಂತ ಅತ್ರು. ಜಗಳ ಆಯ್ತು. ನಾನೂ ಅತ್ತುಬಿಟ್ಟೆ. ಕೊನೇಗೆ ಒಪ್ಪಿಕೊಂಡು, ತಬ್ಕೊಂಡು, ಲಾರೀಲಿ ಹೋಗಿ ಮಲಗಿದ್ರು. ನಿಮಗೆ ಹೇಳಬೇಡ ಅಂತ ನಾನೇ ಹೇಳಿದ್ದು. ಅವರ ಮನಸ್ಸು ಅಳ್ಳಾಡ್ತಿದೆ ಅಂತ ಗೊತ್ತಾಗಿದ್ರೆ ನೀವು ಬಿಡ್ತಿದ್ರಾ?"

ಬಿಡುತ್ತಿರಲಿಲ್ಲ. ಅಲ್ಲಿಗೇ ಎಲ್ಲವನ್ನೂ ನಿಲ್ಲಿಸಿಬಿಡುತ್ತಿದ್ದೆ. ಅವನು ಲಾರಿಯಲ್ಲಿ ಮಲಗಿದ್ದೆ ಎಂದಿದ್ದು ನಿಜವೇ ಆಗಿತ್ತು.

ನನಗೆ ಸಮಾಧಾನ ಆಗಬೇಕಿತ್ತು. ಸೊಸೆ ಮೋಸ ಮಾಡಿಲ್ಲ, ಮಗ ಮಾತು ತಪ್ಪಿಲ್ಲ, ಸಂಸಾರದ ಮಾನ ಎಲ್ಲೂ ಹೋಗಿಲ್ಲ. ಅದು ಬಿಟ್ಟು ನಾನು ಕುರ್ಚಿಯಲ್ಲಿ ಕೂತು ಗೊಳೋ ಎಂದು ಅತ್ತುಬಿಟ್ಟೆ. ಆ ಮನಸ್ಸಿನ ಡಾಕ್ಟರ ಕಾಗದದ ಪೆಟ್ಟಿಗೆ ಆಗ ಬೇಕಿತ್ತು.

"ಯಾಕತ್ತೆ ಅಳ್ತೀರಿ? ಮೋಸ ಏನೂ ಆಗಿಲ್ವಲ್ಲ?"

"ಆಗಿಲ್ಲ ಅಂತಲೇ ಅಳ್ತಿದ್ದೀನಿ ಕಣೆ."

ಇಷ್ಟು ತಿಂಗಳು ನಾನು ಅನುಮಾನ ಎಂದುಕೊಂಡಿದ್ದು ಅನುಮಾನವೇ ಆಗಿರಲಿಲ್ಲ. ಅದು ಆಸೆ. ಮಗು ನಮ್ಮದಾಗಿರಲಿ ಎಂದು ನಾನು ಬಯಸಿದ್ದೆ, ಬಯಸಿದ್ದಕ್ಕೆ ಸರಿಯಾಗಿ ಸಾಕ್ಷಿ ಹೊಂದಿಸುತ್ತಾ ಹೋಗಿದ್ದೆ. ಸೊಸೆಯ ದೃಷ್ಟಿ ನನ್ನ ಕಾಲ ಬಳಿಯ ಚೀಲದ ಮೇಲೆ ಬಿತ್ತು. ಚೀಲದ ಬಾಯಿಯಿಂದ ಸಣ್ಣ ಅಂಗಿಯೊಂದರ ತೋಳು ಇಣುಕುತ್ತಿತ್ತು. ಅವಳ ನಗು ಪೂರ್ತಿ ನಿಂತುಹೋಯಿತು. ಅಷ್ಟರಲ್ಲಿ ಹೊರಗಿನಿಂದ ಬಾಗಿಲು ಬಡಿದರು. ನಾನು ಚೀಲವನ್ನು ಮಂಚದ ಕೆಳಗೆ ತಳ್ಳಿ ಚಿಲಕ ತೆಗೆದೆ.

ಮಧ್ಯಾಹ್ನ ಅವಳನ್ನು ಹೆರಿಗೆ ಕೋಣೆಗೆ ಕರೆದುಕೊಂಡು ಹೋದರು. ಡಾಕ್ಟರಮ್ಮ ಜೊತೆಗೆ ಹೋದರು. ಅವರ ಯಜಮಾನರು ಹೊರಗೆ ನನ್ನ ಪಕ್ಕ ಕೂತು, ಕೈ ಉಜ್ಜಿಕೊಳ್ಳುತ್ತಾ, ಎದ್ದು, ಮತ್ತೆ ಕೂತು ಮಾಡುತ್ತಿದ್ದರು. ಸೊಸೆ ಹೇಳಿದ್ದು ನಿಜ, ಕಿವಿ ದೊಡ್ಡವೇ. ಒಳಗಿನಿಂದ ಅಳು ಕೇಳಿಸಿದಾಗ ಅವರು ಗಬಕ್ಕನೆ ನನ್ನ ತೋಳು ಹಿಡಿದುಕೊಂಡರು. ಬಿಡಿಸಿಕೊಳ್ಳುವುದಕ್ಕೆ ನನಗೆ ಮನಸ್ಸು ಬರಲಿಲ್ಲ.

ಸಿಸ್ಟರ್ ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಎತ್ತಿಕೊಂಡು ಬಂದರು. ಹಿಂದೆಯೇ ಡಾಕ್ಟರಮ್ಮ, ಅಳುತ್ತಾ ನಗುತ್ತಾ. ಆ ಸಿಸ್ಟರ್ ಹೊಸಬರು, ವಿಷಯ ಗೊತ್ತಿರಲಿಲ್ಲ. ನನ್ನ ನರೆತ ತಲೆ ನೋಡಿ, "ಅಜ್ಜಿ, ಬನ್ನಿ, ಮೊದಲು ನೀವೇ ಎತ್ತಿಕೊಳ್ಳಿ," ಎಂದು ಮಗುವನ್ನು ನನ್ನ ಕಡೆ ಚಾಚಿದರು.

ಡಾಕ್ಟರಮ್ಮ ತಡೆಯಲಿಲ್ಲ. "ತಗೊಳ್ಳಿ ಅಮ್ಮಾ," ಎಂದರು. ನನ್ನ ಎರಡು ಕೈಯೂ ತಾವಾಗಿಯೇ ಮುಂದೆ ಹೋಗಿದ್ದವು. ಎತ್ತಿಕೊಂಡರೆ ಕೊಡುವುದು ನನ್ನಿಂದ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಕೈ ಹಿಂದಕ್ಕೆ ಎಳೆದುಕೊಂಡೆ.

"ನಾನು ಹೆತ್ತವಳ ಕಡೆಯವಳು. ನನ್ನ ಸೊಸೆ ಎಲ್ಲಿ?" ಎಂದೆ.

ಎಲ್ಲರೂ ಮಗುವನ್ನು ಮುತ್ತಿದ್ದರು. ಒಳಗೆ ಸೊಸೆ ಒಬ್ಬಳೇ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು. ಇಷ್ಟು ತಿಂಗಳು ಡಾಕ್ಟರಮ್ಮ ಹೊಟ್ಟೆಯನ್ನೇ ನೋಡುತ್ತಾರೆ ಎಂದು ಬೈದುಕೊಂಡ ನಾನೂ ಬೇರೇನು ನೋಡಿದ್ದೆ? ನಾಚಿಕೆಯಾಯಿತು. ಸ್ಟೂಲು ಎಳೆದುಕೊಂಡು ಕೂತೆ. ಹಾಲು ಇಂಗಲು ಮಾತ್ರೆ ಕೊಟ್ಟು, ಎದೆಗೆ ತಣ್ಣೀರು ಬಟ್ಟೆ ಒತ್ತಿ ಎಂದು ಸಿಸ್ಟರ್ ಹೇಳಿಹೋದರು. ಒತ್ತಿದೆ.

"ನೋಡಿದ್ರಾ ಅತ್ತೆ?" ಎಂದಳು, ಗೋಡೆಯ ಕಡೆಯಿಂದಲೇ.

"ಇಲ್ಲ. ನಿನ್ನನ್ನ ನೋಡೋಕೆ ಬಂದೆ."

"ನಾನೂ ನೋಡ್ಲಿಲ್ಲ. ಕಣ್ಣು ಮುಚ್ಕೊಂಡಿದ್ದೆ." ಈಗ ನನ್ನ ಕಡೆ ತಿರುಗಿದಳು. "ಅತ್ತೆ, ಬೆಳಿಗ್ಗೆ ಹೇಳಿದ್ರಲ್ಲ. ನಿಮ್ಮ ಲೆಕ್ಕವೇ ಸರಿಯಾಗಿದ್ದಿದ್ರೆ, ನಿಜವಾಗ್ಲೂ ಕೊಡ್ತಿರಲಿಲ್ವಾ?"

"ಕೊಡ್ತಿರಲಿಲ್ಲ. ಯಾರು ಅಡ್ಡ ಬಂದಿದ್ರೂ ಕೊಡ್ತಿರಲಿಲ್ಲ."

ಅವಳು ನನ್ನ ಕೈಯನ್ನು ಎಳೆದು ಕೆನ್ನೆಯ ಕೆಳಗೆ ಇಟ್ಟುಕೊಂಡಳು. ಕೆನ್ನೆ ಒದ್ದೆಯಾಗಿತ್ತು.

"ಇನ್ನೊಂದು ಸಲ ಹೇಳಿ," ಎಂದಳು.

ಹೇಳಿದೆ.